53ಎನ್ ಬಾಟಲಿ ಮತ್ತು ಹಾಫ್‌ಕಿನ್

ನಾನು ಕಾಮರ್ಸ್ ವಿಭಾಗದವನು. ಲಸಿಕೆ, ಬ್ಯಾಕ್ಟೀರಿಯಾ ಎಂದೆಲ್ಲ ಬರೆಯಲು ಸೈನ್ಸ್‌ನವರಿದ್ದಾರಲ್ಲ ಎಂದು ಗೆಳೆಯರು ಕೇಳಿದರು. ಕಾರಣ ಮೊದಲೇ ಹೇಳಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ಅಬ್ಬಾಗೆ ಜ್ವರ ಬಂತು. ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಸಂಜೆ ನಾನೇ ಲ್ಯಾಬಿಗೆ ಹೋಗಿ ರಿಪೋರ್ಟ್ ತಂದೆ. ಪ್ಲೇಟ್‌ಲೆಟ್ ತುಂಬ ಕಡಿಮೆ ಎಂದಿತ್ತು. ಅಮ್ಮಿ ಅಳಲು ಶುರು ಮಾಡಿದರು. ಡಾಕ್ಟರು ಕಾಗದ ನೋಡಿ ಮೇಲ್ಗಡೆ ಬೆರಳಿಟ್ಟು ತೋರಿಸಿದರು. ಹೆಸರು ಅಬ್ಬಾದೇ, ಆದರೆ ವಯಸ್ಸು 8, ಹೆಣ್ಣು ಎಂದಿತ್ತು. ನಮಗೆ ನಗು ಬಂತು. ಅಬ್ಬಾ ಮಾತ್ರ ನಗಲಿಲ್ಲ. ಹಾಗಾದರೆ ನನ್ನ ರಿಪೋರ್ಟ್ ಆ ಹುಡುಗಿಯ ಮನೆಗೆ ಹೋಗಿರಬೇಕಲ್ಲ ಎಂದರು. ಹಾಗೇ ಆಗಿತ್ತು. ಲ್ಯಾಬಿನವರು ಟ್ಯೂಬಿನ ನಂಬರನ್ನೂ ರಿಜಿಸ್ಟರನ್ನೂ ತಾಳೆ ನೋಡಿ ಅದೇ ರಾತ್ರಿ ಆ ಮನೆಗೆ ಫೋನ್ ಮಾಡಿದರು. ಪ್ಲೇಟ್‌ಲೆಟ್ ಕಡಿಮೆ ಇದ್ದದ್ದು ಆ ಮಗುವಿಗೆ. ಅವಳಿಗೆ ಏನೂ ತೊಂದರೆ ಇಲ್ಲ ಎಂಬ ಕಾಗದ ಅವರ ಮನೆಯಲ್ಲಿತ್ತು.

ನಮಗೆ ಅಕೌಂಟೆನ್ಸಿಯಲ್ಲಿ ಲೆಕ್ಕ ತಪ್ಪಿದರೆ ವೋಚರ್‌ನಿಂದ ಹಿಡಿದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ, ತಪ್ಪು ಎಲ್ಲಿ ಸೇರಿಕೊಂಡಿತು ಎಂದು ಹುಡುಕಲು ಕಲಿಸುತ್ತಾರೆ. ಲ್ಯಾಬಿನಲ್ಲಿಯೂ ಅದೇ ಕೆಲಸವಿದೆ ಎಂದು ಆ ರಾತ್ರಿ ಗೊತ್ತಾಯಿತು. ಆಮೇಲೆ ಲ್ಯಾಬುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದಾಗ ವಾಲ್ಡೆಮಾರ್ ಹಾಫ್‌ಕಿನ್ ಅವರ ಜೀವನ ಸಿಕ್ಕಿತು. ಒಂದು ಬಾಟಲಿಯ ನಂಬರಿನಿಂದ ಐದು ವರ್ಷ ಅಪರಾಧಿಯಂತೆ ಬದುಕಿದವರು ಅವರು.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾ ನಗರದಲ್ಲಿ. ಮನೆಯವರು ಯಹೂದಿಗಳು. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದರು. ಪ್ರಸಿದ್ಧ ವಿಜ್ಞಾನಿ ಮೆಚ್ನಿಕಾಫ್ ಅವರ ಗುರು. ಯಹೂದಿಗಳ ಮೇಲೆ ದಾಳಿಗಳು ನಡೆದಾಗ ಹಾಫ್‌ಕಿನ್ ತಮ್ಮವರ ರಕ್ಷಣೆಗೆ ನಿಂತು ಜೈಲು ಕಂಡರು. ಧರ್ಮ ಬದಲಿಸಿ ಕ್ರೈಸ್ತರಾದರೆ ಅಧ್ಯಾಪಕ ಹುದ್ದೆಯ ದಾರಿ ತೆರೆಯುತ್ತಿತ್ತು. ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು, ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಇನ್‌ಸ್ಟಿಟ್ಯೂಟ್ ಸೇರಿದರು. ವಿಜ್ಞಾನಿಯಾಗಿ ಅಲ್ಲ, ಲೈಬ್ರರಿಯ ಸಹಾಯಕರಾಗಿ! ಕೆಲಸ ಮುಗಿದ ಮೇಲೆ ಉಳಿದ ಸಮಯದಲ್ಲಿ ಅಲ್ಲಿನ ಪ್ರಯೋಗಾಲಯದಲ್ಲಿ ಕಾಲರಾ ರೋಗದ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. 1892ರ ಜುಲೈ 18ರಂದು ತಾವು ತಯಾರಿಸಿದ ಕಾಲರಾ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು.

ಕಾಲರಾ ಹೆಚ್ಚಾಗಿದ್ದದ್ದು ಭಾರತದಲ್ಲಿ. ಆದ್ದರಿಂದ 1893ರಲ್ಲಿ ಕಲ್ಕತ್ತಾಕ್ಕೆ ಬಂದರು. ಆಗ ಅವರಿಗೆ 33 ವರ್ಷ. ಜನ ಸೂಜಿ ಕಂಡರೆ ಹೆದರುತ್ತಿದ್ದರು, ಸರ್ಕಾರದವರಿಗೆ ಇವರು ರಷ್ಯಾದ ಗೂಢಚಾರ ಇರಬಹುದು ಎಂಬ ಅನುಮಾನ. 1894ರಲ್ಲಿ ಕಲ್ಕತ್ತಾದ ಕಟ್ಟಾಲ್ ಬಾಗಾನ್ ಎಂಬ ಬಸ್ತಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಸುಮಾರು 200 ಜನರಲ್ಲಿ 116 ಮಂದಿ ಚುಚ್ಚುಮದ್ದು ಹಾಕಿಸಿಕೊಂಡರು. ಆಮೇಲೆ ಅಲ್ಲಿ ರೋಗ ಬಂದದ್ದು ಹಾಕಿಸಿಕೊಳ್ಳದವರಿಗೆ ಮಾತ್ರ. ಹಾಕಿಸಿಕೊಂಡವರೆಷ್ಟು, ಹಾಕಿಸಿಕೊಳ್ಳದವರೆಷ್ಟು, ಇಬ್ಬರಲ್ಲಿ ರೋಗ ಬಂದವರೆಷ್ಟು ಎಂದು ಎರಡು ಕಾಲಂ ಹಾಕಿ ಲೆಕ್ಕ ಇಡುವುದು ಅವರ ಪದ್ಧತಿ. ಹೋದಲ್ಲೆಲ್ಲ ಹೀಗೇ ಮಾಡಿದರು. ನನಗೆ ಅವರು ಇಷ್ಟವಾಗಲು ಇದೂ ಒಂದು ಕಾರಣ.

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ನಮ್ಮ ಮನೆಯ ಉರ್ದುವಿನಲ್ಲಿ ಅದಕ್ಕೆ ತಾಊನ್ ಎನ್ನುತ್ತಾರೆ. ಆ ಪದ ನಮಗೆ ಹದೀಸ್‌ನಿಂದ ಗೊತ್ತು, ರೋಗ ಗೊತ್ತಿಲ್ಲ. ನಮ್ಮ ಮುತ್ತಜ್ಜಿಯರ ಕಾಲದವರಿಗೆ ಎರಡೂ ಗೊತ್ತಿತ್ತು. ಸರ್ಕಾರ ಹಾಫ್‌ಕಿನ್ ಅವರನ್ನು ಕರೆಸಿ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಣ್ಣ ಜಾಗ ಕೊಟ್ಟಿತು. ಒಬ್ಬ ಗುಮಾಸ್ತ, ಮೂವರು ಜವಾನರು, ಅಷ್ಟೇ ಸಿಬ್ಬಂದಿ. ಮೂರು ತಿಂಗಳು ಹಗಲು ರಾತ್ರಿ ದುಡಿದರು.

ಲಸಿಕೆ ತಯಾರಿಸಿದ ರೀತಿ ಕೇಳಿದರೆ ಆಶ್ಚರ್ಯವಾಗುತ್ತದೆ. ಪ್ಲೇಗ್ ಬ್ಯಾಕ್ಟೀರಿಯಾವನ್ನು ಬೆಳೆಸಲು ಮಾಂಸದ ಸಾರು ಬೇಕು. ದನದ ಮಾಂಸವಾದರೆ ಹಿಂದೂಗಳು ಒಪ್ಪುವುದಿಲ್ಲ, ಹಂದಿಯದಾದರೆ ಮುಸ್ಲಿಮರು ಒಪ್ಪುವುದಿಲ್ಲ. ಅದಕ್ಕೆ ಅವರು ಆಡಿನ ಮಾಂಸದ ಸಾರು ಬಳಸಿದರು. ಗಾಜಿನ ಫ್ಲಾಸ್ಕಿನಲ್ಲಿ ಸಾರು ಹಾಕಿ ಮೇಲೆ ಒಂದೆರಡು ಹನಿ ತುಪ್ಪ ತೇಲಿಬಿಡುತ್ತಿದ್ದರು. ತುಪ್ಪದ ಹನಿಯ ಅಡಿಯಿಂದ ಬ್ಯಾಕ್ಟೀರಿಯಾಗಳು ದಾರದ ಹಾಗೆ ಕೆಳಕ್ಕೆ ಇಳಿಬೀಳುತ್ತ ಬೆಳೆಯುತ್ತಿದ್ದವು. ಫ್ಲಾಸ್ಕನ್ನು ಅಲ್ಲಾಡಿಸಿದರೆ ಅವು ಉದುರಿ, ಮತ್ತೆ ಹೊಸದಾಗಿ ಬೆಳೆಯುತ್ತಿದ್ದವು. ಹೀಗೆ ಕೆಲವು ವಾರ ಬೆಳೆಸಿ, ಬಿಸಿ ಮಾಡಿ ಬ್ಯಾಕ್ಟೀರಿಯಾಗಳನ್ನು ಕೊಂದು, ಕೆಡದಂತೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಸೇರಿಸಿ ಬಾಟಲಿಗೆ ತುಂಬುತ್ತಿದ್ದರು. ಸತ್ತ ಬ್ಯಾಕ್ಟೀರಿಯಾ ರೋಗ ತರುವುದಿಲ್ಲ, ಆದರೆ ಅದನ್ನು ನೋಡಿದ ದೇಹ ನಿಜವಾದ ರೋಗ ಬಂದಾಗ ಎದುರಿಸಲು ಕಲಿತಿರುತ್ತದೆ.

1897ರ ಜನವರಿ 10ರಂದು ಮತ್ತೆ ತಮಗೇ ಚುಚ್ಚಿಕೊಂಡರು, ಆಮೇಲೆ ಜನರಿಗೆ ಕೊಟ್ಟ ಪ್ರಮಾಣಕ್ಕಿಂತ ಮೂರು ಪಟ್ಟು. ಜ್ವರ ಬಂದು ಹೋಯಿತು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಕೈದಿಗಳಲ್ಲಿ ಅರ್ಧದಷ್ಟು ಜನ ತಾವಾಗಿ ಮುಂದೆ ಬಂದು ಚುಚ್ಚುಮದ್ದು ಹಾಕಿಸಿಕೊಂಡರು. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗ್ ಬಂದು 6 ಜನ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ.

ಆದರೂ ಊರಿನ ಜನಕ್ಕೆ ಭಯ. ಆಗ ಮುಂದೆ ಬಂದವರು ಖೋಜಾ ಇಸ್ಮಾಯಿಲಿ ಮುಸ್ಲಿಮರ ಇಮಾಮರಾದ ಮೂರನೇ ಆಗಾ ಖಾನ್. ಅವರು ಹುಟ್ಟಿದ್ದು 1877ರ ನವೆಂಬರ್‌ನಲ್ಲಿ. ಅಂದರೆ 1897ರ ಶುರುವಿನಲ್ಲಿ ಅವರಿಗೆ ಬರೀ 19 ವರ್ಷ, ನಮಗಿಂತ ಎರಡು ವರ್ಷ ದೊಡ್ಡವರು! ಹಾಫ್‌ಕಿನ್ ಅವರ ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನು ಬಿಟ್ಟುಕೊಟ್ಟರು. ಜನರ ಎದುರಿಗೆ ತಾವೇ ಚುಚ್ಚುಮದ್ದು ಹಾಕಿಸಿಕೊಂಡರು, ಒಂದು ಸಲವಲ್ಲ, ಹಲವು ಸಲ. ಅದನ್ನು ನೋಡಿ ಸಾವಿರಾರು ಖೋಜಾಗಳು ಸಾಲಿನಲ್ಲಿ ನಿಂತರು. ಒಬ್ಬ ಯಹೂದಿ ವಿಜ್ಞಾನಿಯ ಲಸಿಕೆಗೆ ಒಬ್ಬ ಮುಸ್ಲಿಂ ಯುವಕ ತನ್ನ ತೋಳನ್ನೇ ಜಾಮೀನು ಕೊಟ್ಟ ಹಾಗಾಯಿತು. ಮರುವರ್ಷ 1898ರಲ್ಲಿ ಪ್ಲೇಗ್ ನಮ್ಮ ಕಡೆಗೂ ಬಂತು. ಆಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು. 1899ರಲ್ಲಿ ಪ್ರಯೋಗಾಲಯ ಬೊಂಬಾಯಿಯ ಪರೇಲ್‌ನಲ್ಲಿದ್ದ ಹಳೆಯ ಗವರ್ನರ್ ಬಂಗಲೆಗೆ ಹೋಯಿತು.

ಇಲ್ಲಿಯವರೆಗಿನ ಕಥೆ ಪಠ್ಯಪುಸ್ತಕದಲ್ಲಿ ಬರುವಂಥದ್ದು. ನಾನು ಬರೆಯಲು ಕುಳಿತದ್ದು ಮುಂದಿನದಕ್ಕೆ.

1902ರಲ್ಲಿ ಪಂಜಾಬ್ ಪ್ರಾಂತ್ಯದಲ್ಲಿ ಪ್ಲೇಗ್ ಜೋರಾಗಿ, ಲಕ್ಷಗಟ್ಟಲೆ ಲಸಿಕೆ ಬೇಕೆಂದು ಅಲ್ಲಿಂದ ಬೇಡಿಕೆ ಬಂತು. ಸಾರಿನ ವಿಧಾನ ನಿಧಾನ. ಬೇಗ ತಯಾರಾಗಲೆಂದು ಹಾಫ್‌ಕಿನ್ ಹೊಸ ವಿಧಾನಕ್ಕೆ ಬದಲಾಯಿಸಿದರು. ಅದರಲ್ಲಿ ಕಾರ್ಬಾಲಿಕ್ ಆಮ್ಲ ಸೇರಿಸುತ್ತಿರಲಿಲ್ಲ, ಶಾಖವನ್ನೇ ನಂಬಿದ್ದರು.

ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚುಮದ್ದು ಹಾಕಿದರು. ಸುಮಾರು ಒಂದು ವಾರದಲ್ಲಿ ಅವರಲ್ಲಿ 19 ಜನರಿಗೆ ಧನುರ್ವಾಯು ಕಾಣಿಸಿಕೊಂಡಿತು. ದವಡೆ ಕಚ್ಚಿಕೊಂಡು, ಬೆನ್ನು ಬಿಲ್ಲಿನಂತೆ ಬಾಗಿ, 19 ಜನರೂ ಸತ್ತರು. ಪ್ಲೇಗಿನಿಂದ ಉಳಿಯಲು ತೋಳು ಚಾಚಿದವರು ಅವರು. ಉಳಿದ 88 ಜನರಿಗೆ ಏನೂ ಆಗಲಿಲ್ಲ. ರಿಜಿಸ್ಟರ್ ನೋಡಿದಾಗ ಸತ್ತ 19 ಜನರಿಗೂ ಒಂದೇ ಬಾಟಲಿಯಿಂದ ಲಸಿಕೆ ಹೋಗಿತ್ತು. ಅದರ ನಂಬರ್ 53ಎನ್.

ಒಂದೇ ಬಾಟಲಿ ಎಂದು ಗೊತ್ತಾದದ್ದು ನಂಬರ್ ಬರೆದಿಟ್ಟದ್ದರಿಂದ. ಇಲ್ಲದಿದ್ದರೆ ಪ್ಲೇಗ್ ಲಸಿಕೆಯೇ ವಿಷ ಎಂದಾಗುತ್ತಿತ್ತು. ಆದರೆ ಪ್ರಶ್ನೆ ಇನ್ನೂ ಅರ್ಧ ಉಳಿದಿತ್ತು. ಧನುರ್ವಾಯುವಿನ ಬೀಜಾಣು ಮಣ್ಣಿನಲ್ಲಿರುತ್ತದೆ. ಅದು ಬಾಟಲಿಯೊಳಗೆ ಸೇರಿದ್ದು ಪರೇಲ್‌ನಲ್ಲಿ ತುಂಬುವಾಗಲೋ, ಮುಲ್ಕೋವಾಲ್‌ನಲ್ಲಿ ಬಿರಡೆ ತೆಗೆಯುವಾಗಲೋ?

ಸರ್ಕಾರ ಬೊಂಬಾಯಿಯ ಮುಖ್ಯ ನ್ಯಾಯಮೂರ್ತಿ ಲಾರೆನ್ಸ್ ಜೆಂಕಿನ್ಸ್ ಅವರ ನೇತೃತ್ವದಲ್ಲಿ ಆಯೋಗ ನೇಮಿಸಿತು. ತಪ್ಪು ಪರೇಲ್‌ನಲ್ಲಿ, ಬಾಟಲಿ ತೆರೆಯುವ ಮೊದಲೇ ಆಗಿದೆ ಎಂಬುದು ಆಯೋಗದ ತೀರ್ಮಾನ. ಕಾರ್ಬಾಲಿಕ್ ಬಿಟ್ಟದ್ದನ್ನೂ ದೂರಿತು. ಹಾಫ್‌ಕಿನ್ ಅವರನ್ನು ನಿರ್ದೇಶಕ ಸ್ಥಾನದಿಂದ ತೆಗೆದರು. 1904ರಲ್ಲಿ ಅವರು ಇಂಗ್ಲೆಂಡಿಗೆ ಹೋದರು.

ಆದರೆ ಆಯೋಗದ ಮುಂದೆಯೇ ಇನ್ನೊಂದು ಸಂಗತಿ ಇತ್ತು. ಆ ದಿನ ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿ ಕಾರ್ಬಾಲಿಕ್ ದ್ರಾವಣದಲ್ಲಿ ಒಮ್ಮೆ ಅದ್ದಿ ಅದರಿಂದಲೇ ಬಿರಡೆ ತೆಗೆದ. ಕ್ಷಣ ಹೊತ್ತು ಅದ್ದಿದರೆ ಮಣ್ಣಿನ ಬೀಜಾಣು ಸಾಯುವುದಿಲ್ಲ. ಇನ್ನೂ ಒಂದು ವಿಷಯ. ಬಾಟಲಿ ತುಂಬಿ 41 ದಿನ ಆಗಿತ್ತು. ಅಷ್ಟು ದಿನ ಒಳಗೆ ಬೆಳೆದಿದ್ದರೆ ದ್ರವ ಕೆಟ್ಟ ವಾಸನೆ ಬರಬೇಕಿತ್ತು. ಚುಚ್ಚಿದ ವೈದ್ಯರಿಗೆ ವಾಸನೆ ಬಂದಿರಲಿಲ್ಲ. ಒಳಗೆ ವಿಷ ತುಂಬಿದ್ದರೆ ರೋಗ ವಾರ ಕಾಯದೆ ಬೇಗ ಕಾಣಿಸಬೇಕಿತ್ತು. ಇನ್ನು ಹಳೆಯ ವಿಧಾನದಲ್ಲಿ ಸೇರಿಸುತ್ತಿದ್ದಷ್ಟು ಕಾರ್ಬಾಲಿಕ್ ಇದ್ದಿದ್ದರೂ ಧನುರ್ವಾಯುವಿನ ಬೀಜಾಣು ಸಾಯುತ್ತಿರಲಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಆಯೋಗ ಮೊತ್ತ ಸರಿಯಾಗಿ ಕೂಡಿತು, ತಪ್ಪು ಖಾತೆಗೆ ಹಾಕಿತು. ಹಳ್ಳಿಯಲ್ಲಿ ದಣಿದು ದುಡಿಯುತ್ತಿದ್ದ ಆ ಸಹಾಯಕನನ್ನು ಹಿಡಿದು ಶಿಕ್ಷಿಸಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಬಿದ್ದ ಇಕ್ಕಳವನ್ನು ಬದಿಗಿಟ್ಟು ಬೇರೆಯದನ್ನು ತೆಗೆದುಕೊಳ್ಳಬೇಕು ಎಂಬ ನಿಯಮವಾದರೂ ಅಂದೇ ಎಲ್ಲ ಕಡೆ ಗೊತ್ತಾಗುತ್ತಿತ್ತು.

ಹಾಫ್‌ಕಿನ್ ಸುಮ್ಮನೆ ಕೂರಲಿಲ್ಲ. ಲಂಡನ್ನಿನಲ್ಲಿ ದಾಖಲೆಗಳನ್ನು ಹಿಡಿದು ವರ್ಷಗಟ್ಟಲೆ ಅಲೆದರು. ಅವರು ರಷ್ಯಾದವರು, ಯಹೂದಿ, ವೈದ್ಯ ಪದವಿ ಇಲ್ಲದವರು. ಬ್ರಿಟಿಷ್ ಅಧಿಕಾರಿಗಳಲ್ಲಿ ಅವರ ಪರ ನಿಲ್ಲುವವರು ಕಡಿಮೆ. ಕೊನೆಗೆ ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದಿದ್ದ, ಬೆಂಗಳೂರಿನಲ್ಲಿಯೂ ಸ್ವಲ್ಪ ಕಾಲ ಕೆಲಸ ಮಾಡಿದ್ದ ರೋನಾಲ್ಡ್ ರಾಸ್ ಈ ವಿಷಯ ಕೈಗೆತ್ತಿಕೊಂಡರು. 1907ರ ಜುಲೈನಲ್ಲಿ ರಾಸ್ ಸೇರಿ ಹತ್ತು ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು, ಪರೇಲ್‌ನಲ್ಲಿ ತಪ್ಪಾಗಿದೆ ಎಂಬುದಕ್ಕೆ ಸಾಕ್ಷಿ ಇಲ್ಲ, ಬಾಟಲಿ ಹಳ್ಳಿಯಲ್ಲಿಯೇ ಕೆಟ್ಟಿತು ಎನ್ನಲು ಬಲವಾದ ಸಾಕ್ಷಿ ಇದೆ ಎಂದರು. ಅದೇ ವರ್ಷದ ಕೊನೆಯಲ್ಲಿ ಸರ್ಕಾರ ಹಾಫ್‌ಕಿನ್ ಅವರನ್ನು ಮತ್ತೆ ಕೆಲಸಕ್ಕೆ ಕರೆಯಿತು.

ಆದರೆ ಕೊಟ್ಟದ್ದು ಪರೇಲ್ ಅಲ್ಲ. ಕಲ್ಕತ್ತಾದ ಆಸ್ಪತ್ರೆಯೊಂದರ ಪ್ರಯೋಗಾಲಯ, ಮೊದಲಿನಂತೆ ಜನರ ನಡುವೆ ಹೋಗಿ ಲಸಿಕೆ ಪರೀಕ್ಷಿಸುವ ಅವಕಾಶವಿಲ್ಲ. ಕೆಲವು ವರ್ಷ ಅಲ್ಲಿ ದುಡಿದು ನಿವೃತ್ತರಾಗಿ ಯುರೋಪಿಗೆ ಹೊರಟುಹೋದರು. ವಯಸ್ಸಾದಂತೆ ತಮ್ಮ ಧರ್ಮದ ಆಚರಣೆಗಳಿಗೆ ಹೆಚ್ಚು ಹತ್ತಿರವಾದರು. ಮದುವೆಯಾಗಿರಲಿಲ್ಲ. ಉಳಿಸಿದ್ದ ಹಣವನ್ನು ಯಹೂದಿ ಮಕ್ಕಳ ಧಾರ್ಮಿಕ ಶಿಕ್ಷಣಕ್ಕೆ ಬಿಟ್ಟರು.

ಪರೇಲ್‌ನ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. ಅಷ್ಟರಲ್ಲಿ ಅಲ್ಲಿಂದ ಸುಮಾರು 2 ಕೋಟಿ 60 ಲಕ್ಷ ಪ್ಲೇಗ್ ಲಸಿಕೆಗಳು ಹೊರಗೆ ಹೋಗಿದ್ದವು. ಹಾಫ್‌ಕಿನ್ 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡರು. ಮುಲ್ಕೋವಾಲ್‌ನಲ್ಲಿ ಆ ಬಾಟಲಿ ತೆರೆದು 28 ವರ್ಷ ತುಂಬಲು ಇನ್ನು ನಾಲ್ಕು ದಿನ ಇತ್ತು. ಆ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ.