ಪರಮಾಣು ಮತ್ತು ಅಹಿಂಸೆ: ಡಾ. ದೌಲತ್ ಸಿಂಗ್ ಕೊಠಾರಿ

ವೀರಭೂಮಿಯಾದ ಮೇವಾಡದ ಉದಯಪುರದಲ್ಲಿ, ಜೈನ ಮನೆತನವೊಂದರಲ್ಲಿ, ದೌಲತ್ ಸಿಂಗ್ ಕೊಠಾರಿಯವರು 1906ರ ಜುಲೈ 6ರಂದು ಜನಿಸಿದರು. ಉಪಾಧ್ಯಾಯರಾಗಿದ್ದ ತಂದೆಯವರನ್ನು ಬಾಲ್ಯದಲ್ಲಿಯೇ ಕಳೆದುಕೊಂಡರೂ ಅವರ ಜ್ಞಾನದಾಹ ಕುಂದಲಿಲ್ಲ. ಅಲಹಾಬಾದಿನಲ್ಲಿ ಮೇಘನಾದ ಸಹಾ ಅವರ ಶಿಷ್ಯರಾಗಿ 1928ರಲ್ಲಿ ಎಂ.ಎಸ್‌ಸಿ. ಪದವಿ ಪಡೆದು, ಬಳಿಕ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಡ್ಜಿನಲ್ಲಿ ರುದರ್‌ಫರ್ಡರ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿದರು. 1934ರಲ್ಲಿ ದೆಹಲಿ ವಿಶ್ವವಿದ್ಯಾಲಯವನ್ನು ಸೇರಿ, ಶ್ವೇತಕುಬ್ಜ ನಕ್ಷತ್ರಗಳ ಕುರಿತ ಅಧ್ಯಯನದಿಂದ ಕೀರ್ತಿಶಾಲಿಗಳಾದರು.

ಬೆಳಕು ಒಂದು ಪ್ರಯೋಗದಲ್ಲಿ ಅಲೆಯಾಗಿಯೂ ಇನ್ನೊಂದರಲ್ಲಿ ಕಣವಾಗಿಯೂ ತೋರುವುದು ವಿಜ್ಞಾನಿಗಳಿಗೆ ದೊಡ್ಡ ಒಗಟಾಗಿದ್ದಿತು. ಈ ಎರಡು ನೋಟಗಳೂ ಪರಸ್ಪರ ಪೂರಕವೆಂದು ಡೆನ್ಮಾರ್ಕಿನ ನೀಲ್ಸ್ ಬೋರ್ 1927ರಲ್ಲಿ ಪ್ರತಿಪಾದಿಸಿದರು. ಈ ತತ್ತ್ವದಲ್ಲಿ ಕೊಠಾರಿಯವರು ಸ್ಯಾದ್ವಾದದ ಹೋಲಿಕೆಯನ್ನು ಕಂಡರು. ಎರಡು ಭಾಗಗಳುಳ್ಳ ಪೆಟ್ಟಿಗೆಯಲ್ಲಿ ಸೂಕ್ಷ್ಮಕಣವೊಂದಿದ್ದರೆ, ಪರೀಕ್ಷಿಸುವ ಮುನ್ನ ಅದು ಈ ಭಾಗದಲ್ಲಿ ಉಂಟೆಂದಾಗಲಿ ಇಲ್ಲವೆಂದಾಗಲಿ ಹೇಳಲು ಬಾರದು. ಅಸ್ತಿ, ನಾಸ್ತಿಗಳೊಡನೆ ಅವಕ್ತವ್ಯಕ್ಕೂ ಅಲ್ಲಿ ಸ್ಥಾನವುಂಟು. ಬೋರ್ ಅವರ ಜನ್ಮಶತಾಬ್ದಿಯ ಸಂಪುಟಕ್ಕಾಗಿಯೂ ಕೊಠಾರಿಯವರು 1985ರಲ್ಲಿ ಇದೇ ವಿಷಯವನ್ನು ಕುರಿತು ಬರೆದರು. ಹಾಗೆಂದು ಆಗಮಗಳಲ್ಲಿ ಭೌತವಿಜ್ಞಾನದ ಸೂತ್ರಗಳು ಅಡಗಿವೆಯೆಂದು ಭಾವಿಸಲಾಗದು. ಒಂದು ಮಾರ್ಗ ಪ್ರಯೋಗದ್ದು, ಇನ್ನೊಂದು ಆತ್ಮಸಾಧನೆಯದು. ಏಕಾಂತದ ಹಟವನ್ನು ಬಿಡಬೇಕೆಂಬಲ್ಲಿ ಮಾತ್ರ ಅವೆರಡೂ ಸಂಧಿಸುತ್ತವೆ.

ಅಹಿಂಸೆಯೇ ಪರಮಧರ್ಮವೆಂದು ನಂಬುವ ಸಮಾಜದಲ್ಲಿ ಹುಟ್ಟಿದ ಅವರಿಗೆ 1948ರಲ್ಲಿ ಒದಗಿದ ಹೊಣೆಯಾದರೋ ರಕ್ಷಣಾ ಸಚಿವಾಲಯದ ವೈಜ್ಞಾನಿಕ ಸಲಹೆಗಾರರದು. 1961ರವರೆಗೆ ಅದನ್ನು ನಿರ್ವಹಿಸಿದರು. ಅದೇ ಅವಧಿಯಲ್ಲಿ, ಪ್ರಧಾನಿ ನೆಹರೂ ಅವರ ಅಪೇಕ್ಷೆಯಂತೆ, ಪರಮಾಣು ಸ್ಫೋಟಗಳ ಪರಿಣಾಮಗಳನ್ನು ವಿವರಿಸುವ ಗ್ರಂಥವನ್ನು ಸಿದ್ಧಪಡಿಸಿದರು. 1956ರಲ್ಲಿ ಅದು ಪ್ರಕಟವಾಯಿತು. ಬಾಂಬಿನ ಬೆಂಕಿ ಆರಿದ ಮೇಲೂ ಅದರ ವಿಕಿರಣವು ಜೀವಿಗಳನ್ನು ಬಾಧಿಸುವುದೆಂಬ ಅರಿವು ಆ ಮೂಲಕ ನಾಡಿಗೆ ದೊರೆಯಿತು. ಆಯುಧದ ಬಲವನ್ನು ಅರಿತವರೇ ಅದರ ಹಿಂಸೆಯನ್ನೂ ಲೆಕ್ಕ ಹಾಕಿ ಜನರ ಮುಂದಿಟ್ಟರು.

1961ರಿಂದ 1973ರವರೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿದ್ದ ಅವರು 1964ರಿಂದ 1966ರವರೆಗೆ ಶಿಕ್ಷಣ ಆಯೋಗದ ನೇತೃತ್ವವನ್ನೂ ವಹಿಸಿದರು. ವಿಜ್ಞಾನವೂ ಅಹಿಂಸೆಯೂ ಒಂದುಗೂಡಬೇಕೆಂಬ ಆಶಯ ಆ ಆಯೋಗದ ವರದಿಯಲ್ಲಿ ಮೂಡಿಬಂದಿದೆ. 1973ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಪಾತ್ರರಾಗಿ, 1993ರ ಫೆಬ್ರವರಿ 4ರಂದು ಸ್ವರ್ಗಸ್ಥರಾದರು.

ಧರ್ಮಬಂಧುಗಳ ಮಕ್ಕಳು ಇಂದು ದೊಡ್ಡ ಸಂಖ್ಯೆಯಲ್ಲಿ ವಿಜ್ಞಾನವನ್ನು ಓದುತ್ತಿದ್ದಾರೆ. ಬಸದಿಯ ಸ್ವಾಧ್ಯಾಯವೂ ಶಾಲೆಯ ಪಾಠವೂ ಒಂದಕ್ಕೊಂದು ವೈರಿಯಲ್ಲವೆಂಬುದಕ್ಕೆ ಈ ಪುಣ್ಯಪುರುಷರ ಬಾಳೇ ಸಾಕ್ಷಿ.