ಆಣೆ ಮುರಿದರೆ ತಪ್ಪುಕಾಣಿಕೆ ಸಾಕೇ?

ಪ್ರಶ್ನೆ: ನಮ್ಮ ಯಜಮಾನರು ಕಾಯಿಲೆ ಬಿದ್ದಾಗ, ದೇವರ ಮುಂದೆ ಕರ್ಪೂರ ಹಚ್ಚಿ ತಂಗಿಗೆ ಮನೆಯಲ್ಲಿ ಪಾಲು ಕೊಡ್ತೀನಿ ಅಂತ ಆಣೆ ಇಟ್ಟಿದ್ದರು. ಗುಣವಾದ ಮೇಲೆ ಆ ಮಾತೇ ಇಲ್ಲ. ತಪ್ಪುಕಾಣಿಕೆ ಹಾಕಿದರೆ ದೋಷ ಹೋಗುತ್ತಾ? ಒಡಂಬಡಿಕೆ ಮುರಿಯೋದು ತಮ್ಮ ಗ್ರಂಥದಲ್ಲಿ ಮಹಾಪಾಪ ಅಂತಾರೆ ಪಕ್ಕದ ಮನೆಯ ಕ್ರೈಸ್ತರು. ಅದೇನು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ಅವರು ಹೇಳಿದ್ದು ನಿಜ. ಬೈಬಲಿನಲ್ಲಿ ಬರುವ ಚಿದ್ಕೀಯ ರಾಜನ ಬದುಕನ್ನೇ ನೋಡಿ.

ಅವನು ಯೆಹೂದ ನಾಡಿನ ಕೊನೆಯ ಅರಸ. ಮೊದಲ ಹೆಸರು ಮತ್ತನ್ಯ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರ ಜೆರುಸಲೇಮನ್ನು ಗೆದ್ದು, ಅಲ್ಲಿನ ಅರಸನನ್ನು ಸೆರೆ ಒಯ್ದ. ಅವನ ಚಿಕ್ಕಪ್ಪನಾದ, 21 ವರ್ಷದ ಮತ್ತನ್ಯನಿಗೆ ಚಿದ್ಕೀಯ ಎಂದು ಹೆಸರಿಟ್ಟು ಪಟ್ಟ ಕಟ್ಟಿದ. ನಿಷ್ಠನಾಗಿರುವಂತೆ ದೇವರ ಹೆಸರಲ್ಲಿ ಆಣೆ ಇಡಿಸಿದ. ಮುಂದೆ ಚಿದ್ಕೀಯ ಈಜಿಪ್ಟಿನ ನೆರವು ನಂಬಿ ತಿರುಗಿಬಿದ್ದ. ಶತ್ರುವಿಗೆ ಕೊಟ್ಟ ಮಾತು ತಾನೇ ಅನ್ನಬಹುದು. ಪ್ರವಾದಿ ಯೆಹೆಜ್ಕೇಲ ಅದನ್ನು ಒಪ್ಪಲಿಲ್ಲ. ಆಣೆ ದೇವರ ಹೆಸರಿನದು, ಹಾಗಾಗಿ ಮುರಿದದ್ದು ದೇವರ ಒಡಂಬಡಿಕೆಯನ್ನೇ ಎಂದು ಸಾರಿದ.

ಬಾಬಿಲೋನಿನ ಸೇನೆ ನಗರವನ್ನು ಮುತ್ತಿತು. ಆರು ವರ್ಷ ದುಡಿದ ಇಬ್ರಿಯ ದಾಸರನ್ನು ಏಳನೆಯ ವರ್ಷ ಬಿಡಬೇಕೆಂಬುದು ಅವರ ಧರ್ಮಶಾಸ್ತ್ರ. ಅದನ್ನು ಯಾರೂ ಪಾಲಿಸಿರಲಿಲ್ಲ. ಭಯ ಹುಟ್ಟಿದಾಗ ರಾಜನೂ ಪ್ರಜೆಗಳೂ ದೇವಾಲಯದಲ್ಲಿ ಒಡಂಬಡಿಕೆ ಮಾಡಿಕೊಂಡರು. ಕರುವೊಂದನ್ನು ಎರಡು ಹೋಳು ಮಾಡಿ, ನಡುವೆ ಹಾದುಹೋದರು. ಮಾತು ತಪ್ಪಿದರೆ ತಮಗೂ ಇದೇ ಗತಿ ಎಂಬುದು ಆ ವಿಧಿಯ ಅರ್ಥ. ದಾಸರಿಗೆ ಬಿಡುಗಡೆ ಆಯ್ತು. ಅಷ್ಟರಲ್ಲಿ ಈಜಿಪ್ಟಿನ ಸೇನೆ ಬರ್ತಿದೆ ಅನ್ನೋ ಸುದ್ದಿಗೆ ಮುತ್ತಿಗೆ ಸಡಿಲಿತು. ಭಯ ಹೋದದ್ದೇ ತಡ, ಬಿಟ್ಟವರನ್ನೇ ಎಳೆತಂದು ಮತ್ತೆ ದುಡಿಸಿಕೊಂಡರು. ದೇವರ ಹೆಸರಿಗೇ ಕಳಂಕ ತಂದಿರಿ ಎಂದು ಪ್ರವಾದಿ ಯೆರೆಮೀಯ ಖಂಡಿಸಿದ.

ಬಾಬಿಲೋನಿನ ಸೇನೆ ಮರಳಿ ಬಂತು. ಕ್ರಿ.ಪೂ. 586ರ ಸುಮಾರಿಗೆ ಕೋಟೆ ಒಡೆಯಿತು. ರಾತ್ರೋರಾತ್ರಿ ಓಡಿದ ಚಿದ್ಕೀಯ ಯೆರಿಕೋ ಬಯಲಲ್ಲಿ ಸಿಕ್ಕಿಬಿದ್ದ. ಅವನ ಕಣ್ಣೆದುರೇ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣು ಕೀಳಿಸಿದರು. ಬಾಬಿಲೋನಿನ ಸೆರೆಯಲ್ಲೇ ಸತ್ತ.

ಇಲ್ಲಿ ವಿಧಿಯಲ್ಲಿ ಲೋಪವಿರಲಿಲ್ಲ ನೋಡಿ. ಲೋಪವಾದದ್ದು ಆ ದಾಸರ ಪಾಲಿಗೆ. ನಿಮ್ಮ ಯಜಮಾನರು ಆಣೆ ಇಟ್ಟದ್ದು ದೇವರ ಮುಂದೆ, ಸಲ್ಲಬೇಕಾದ್ದು ತಂಗಿಗೆ. ಅವಳ ಪಾಲು ಹುಂಡಿಗೆ ಹಾಕಿದರೆ ತೀರೋದಿಲ್ಲ. ಮೊದಲು ನಾದಿನಿಯನ್ನು ಮನೆಗೆ ಕರೆದು, ಕೊಡಬೇಕಾದ್ದು ಕೊಡಿಸಿ. ತಪ್ಪುಕಾಣಿಕೆ ಆಮೇಲೆ.