ತಾಯಿ ಮಾರ್ಗರೀಟಾ: ಮನೆಯೇ ಮೊದಲ ಪಾಠಶಾಲೆ

ಮಕ್ಕಳಿಗೆ ಹಿರಿಯರಲ್ಲಿ ಗೌರವವಿಲ್ಲ, ಇತರರ ಕಷ್ಟಸುಖಗಳ ಪರಿವೆಯಿಲ್ಲ ಎಂಬ ದೂರು ಹೊಸದೇನಲ್ಲ. ಪ್ರತಿ ತಲೆಮಾರಿನ ತಂದೆತಾಯಂದಿರೂ ಇದನ್ನು ಹೇಳಿಕೊಂಡೇ ಬಂದಿದ್ದಾರೆ. ಆದರೆ ಈ ದೂರಿನೊಳಗೇ ಒಂದು ಪ್ರಶ್ನೆ ಅಡಗಿದೆ. ನಾವು ಮಕ್ಕಳಿಂದ ಬಯಸುವುದು ಗೌರವವನ್ನೋ, ಭಯವನ್ನೋ? ಹೊರನೋಟಕ್ಕೆ ಇವೆರಡೂ ಒಂದೇ ಬಗೆಯಾಗಿ ಕಾಣುತ್ತವೆ. ಹೆದರಿದ ಮಗುವೂ ತಲೆತಗ್ಗಿಸುತ್ತದೆ, ಗೌರವವುಳ್ಳ ಮಗುವೂ ತಲೆಬಾಗುತ್ತದೆ. ಹಿರಿಯರು ಕಣ್ಮರೆಯಾದಾಗ ಮಾತ್ರ ಇವುಗಳ ವ್ಯತ್ಯಾಸ ತಿಳಿಯುತ್ತದೆ.

ಹೆತ್ತವರಿಗೂ ಹಿರಿಯರಿಗೂ ತೋರುವ ಗೌರವವನ್ನು ಸಂತ ಥಾಮಸ್ ಅಕ್ವಿನಾಸರು ನ್ಯಾಯವೆಂಬ ಸದ್ಗುಣದೊಂದಿಗೆ ಸೇರಿಸಿ ವಿವರಿಸಿದ್ದಾರೆ. ಸಲ್ಲತಕ್ಕವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವುದೇ ನ್ಯಾಯ. ಆದುದರಿಂದ ಗೌರವವು ಕೇವಲ ಶಿಷ್ಟಾಚಾರವಲ್ಲ, ಅದೊಂದು ಋಣ. ಗುರುಮಠದ ತರಗತಿಗಳಲ್ಲಿ ನಾವು ವರ್ಷಗಟ್ಟಲೆ ಓದಿ ತಿಳಿಯುವ ಈ ತತ್ತ್ವವನ್ನು, ಓದುಬರಹವೇ ತಿಳಿಯದ ಒಬ್ಬ ರೈತ ಮಹಿಳೆ ತನ್ನ ಬಡ ಮನೆಯಲ್ಲಿ ಬಾಳಿ ತೋರಿಸಿದಳು. ಆಕೆಯೇ ಸಂತ ಜಾನ್ ಬೋಸ್ಕೊರವರ ತಾಯಿ ಮಾರ್ಗರೀಟಾ.

ಮಾರ್ಗರೀಟಾ ಒಕಿಯೇನಾ ಹುಟ್ಟಿದ್ದು 1788ರ ಏಪ್ರಿಲ್ 1ರಂದು, ಉತ್ತರ ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ಕಾಪ್ರಿಲಿಯೊ ಎಂಬ ಹಳ್ಳಿಯಲ್ಲಿ. 1812ರಲ್ಲಿ ಆಕೆ ಫ್ರಾನ್ಸಿಸ್ಕೊ ಬೋಸ್ಕೊ ಎಂಬ ರೈತನ ಕೈಹಿಡಿದಳು. ಆತ ವಿಧುರ. ಮೊದಲ ಹೆಂಡತಿಯಲ್ಲಿ ಹುಟ್ಟಿದ ನಾಲ್ಕು ವರ್ಷದ ಅಂತೋನಿ ಮತ್ತು ವಯಸ್ಸಾದ ತಾಯಿ ಆ ಮನೆಯಲ್ಲಿದ್ದರು. ಹೀಗೆ ಮಾರ್ಗರೀಟಾ ಹೊಸ್ತಿಲು ದಾಟಿದ ದಿನವೇ ಹೆಂಡತಿಯಾದಳು, ಸೊಸೆಯಾದಳು, ಮಲತಾಯಿಯೂ ಆದಳು. 1813ರಲ್ಲಿ ಜೋಸೆಫ್, 1815ರ ಆಗಸ್ಟ್ 16ರಂದು ಜಾನ್ ಹುಟ್ಟಿದರು.

ಆ ಸಂಸಾರದ ನೆಮ್ಮದಿ ಬಹುಕಾಲ ಉಳಿಯಲಿಲ್ಲ. 1817ರ ಮೇ ತಿಂಗಳಲ್ಲಿ ಒಂದು ದಿನ ಫ್ರಾನ್ಸಿಸ್ಕೊ ದುಡಿದು ಬೆವೆತ ಮೈಯಲ್ಲೇ ತಣ್ಣನೆಯ ನೆಲಮಾಳಿಗೆಗೆ ಇಳಿದ. ಅಂದೇ ಜ್ವರ ಕಾಣಿಸಿಕೊಂಡಿತು. ಶ್ವಾಸಕೋಶದ ಉರಿಯೂತಕ್ಕೆ ತುತ್ತಾಗಿ ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಜಾನ್‌ಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಸತ್ತ ತಂದೆಯ ಕೋಣೆಯಿಂದ ಹೊರಡಲೊಪ್ಪದ ತನ್ನನ್ನು ತಾಯಿ ಅಳುತ್ತಾ ಕೈಹಿಡಿದು ಹೊರಗೆ ಕರೆತಂದದ್ದೇ ತನ್ನ ಬಾಳಿನ ಮೊದಲ ನೆನಪೆಂದು ಅವರು ಮುಂದೆ ತಮ್ಮ ಆತ್ಮವೃತ್ತಾಂತದಲ್ಲಿ ಬರೆದಿದ್ದಾರೆ.

ಮಾರ್ಗರೀಟಾಳಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಅದೇ ವರ್ಷ ಆ ಸೀಮೆಗೆ ಬರಗಾಲ ಬಂತು. ಹಣ ಕೊಟ್ಟರೂ ಧಾನ್ಯ ಸಿಗದ ದಿನಗಳವು. ಒಂದು ರಾತ್ರಿ ಮನೆಯಲ್ಲಿ ತಿನ್ನಲು ಏನೂ ಇಲ್ಲದಾದಾಗ ಆಕೆ ಮಕ್ಕಳೊಂದಿಗೆ ಮೊಣಕಾಲೂರಿ ಪ್ರಾರ್ಥಿಸಿ, ಕೊಟ್ಟಿಗೆಯಲ್ಲಿದ್ದ ಕರುವನ್ನು ನೆರೆಯವನೊಬ್ಬನ ನೆರವಿನಿಂದ ಕೊಯ್ದು ಮನೆಯವರ ಹಸಿವನ್ನು ತಣಿಸಿದಳು. ಮರುಮದುವೆಗೆ ಒಳ್ಳೆಯ ಸಂಬಂಧವೂ ಕೂಡಿಬಂತು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಪೋಷಕನನ್ನು ನೇಮಿಸುವ ಮಾತೂ ಬಂತು. ಪೋಷಕನು ಮಕ್ಕಳಿಗೆ ಸ್ನೇಹಿತನಾಗಬಲ್ಲನೇ ಹೊರತು ತಾಯಿಯಾಗಲಾರನೆಂದು ಹೇಳಿ ಆಕೆ ನಿರಾಕರಿಸಿದಳು.

ಇನ್ನು ಆ ಮನೆಯ ಶಿಕ್ಷಣವನ್ನು ನೋಡೋಣ. ಮಾರ್ಗರೀಟಾಳ ಅತ್ತೆ ಕಾಯಿಲೆಯಿಂದ ಬಹಳ ಕಾಲ ಹಾಸಿಗೆ ಹಿಡಿದಿದ್ದರು. ಮನೆಯ ಭಾರವೆಲ್ಲ ಸೊಸೆಯ ಹೆಗಲ ಮೇಲಿತ್ತು. ಆದರೂ ಆಕೆ ಅತ್ತೆಯನ್ನು ಕೇಳದೆ ಯಾವ ಮುಖ್ಯ ವಿಷಯವನ್ನೂ ನಿರ್ಧರಿಸುತ್ತಿರಲಿಲ್ಲ. ಅಜ್ಜಿಯ ಮಾತಿಗೆ ಎದುರಾಡದಂತೆ ಮಕ್ಕಳಿಗೆ ಹೇಳುತ್ತಿದ್ದಳು. ಹೇಳುವ ಮೊದಲು ತಾನೇ ಅದನ್ನು ನಡೆಸಿ ತೋರಿಸುತ್ತಿದ್ದಳು. 1826ರಲ್ಲಿ ಅಜ್ಜಿ ಕಣ್ಣುಮುಚ್ಚುವವರೆಗೂ ಈ ಸೇವೆ ತಪ್ಪಲಿಲ್ಲ. ದುಡಿಯಲಾಗದ, ಮನೆಗೆ ಹೊರೆಯೆಂದು ಲೋಕ ಎಣಿಸುವ ಒಂದು ಜೀವಕ್ಕೆ ಮನೆಯ ಅತ್ಯುನ್ನತ ಸ್ಥಾನ ಸಲ್ಲುವುದನ್ನು ಆ ಮೂವರು ಹುಡುಗರು ದಿನದಿನವೂ ಕಣ್ಣಾರೆ ಕಂಡರು. ಅತ್ತೆಯನ್ನು ಹೀಯಾಳಿಸುವ ಸೊಸೆಯಾಗಲಿ, ಹೆಂಡತಿಯನ್ನು ಜರೆಯುವ ಗಂಡನಾಗಲಿ ಮಕ್ಕಳಿಗೆ ಗೌರವವನ್ನು ಬೋಧಿಸಿ ಫಲವೇನು?

ಆಕೆಯ ಅಡುಗೆಮನೆಯ ಮೂಲೆಯಲ್ಲಿ ಒಂದು ಬೆತ್ತವಿತ್ತು. ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆದರೆ ಮಾರ್ಗರೀಟಾ ಅದನ್ನು ಮಕ್ಕಳ ಮೇಲೆ ಎಂದೂ ಬಳಸಲಿಲ್ಲ. ಹಾಗೆಂದು ಆಕೆ ತಪ್ಪುಗಳನ್ನು ಕಂಡೂ ಕಾಣದಂತೆ ಬಿಡುವ ತಾಯಿಯೂ ಅಲ್ಲ. ಜಾನ್ ನಾಲ್ಕು ವರ್ಷದವನಿದ್ದಾಗ ನಡೆದ ಪ್ರಸಂಗವಿದು. ಅಣ್ಣತಮ್ಮಂದಿರಿಬ್ಬರೂ ಆಡಿ ದಣಿದು ನೀರು ಕೇಳಿಕೊಂಡು ಬಂದರು. ತಾಯಿ ಹಿರಿಯವನಾದ ಜೋಸೆಫ್‌ಗೆ ಮೊದಲು ಕೊಟ್ಟಳು. ತನಗೆ ಮೊದಲು ಸಿಗಲಿಲ್ಲವೆಂದು ಮುನಿಸಿಕೊಂಡ ಜಾನ್ ತನ್ನ ಸರದಿ ಬಂದಾಗ ನೀರು ಬೇಡವೆಂದ. ಆಕೆ ಗದರಲಿಲ್ಲ, ರಮಿಸಲೂ ಇಲ್ಲ. ಸುಮ್ಮನೆ ನೀರನ್ನು ಒಳಗೆ ಕೊಂಡೊಯ್ದಳು. ಬಾಯಾರಿಕೆ ತಾಳಲಾರದೆ ಹುಡುಗ ತಾನಾಗಿಯೇ ಬಂದು ನಯವಾಗಿ ಕೇಳಿದಾಗ ನಗುತ್ತಾ ಕೊಟ್ಟಳು. ಅಣ್ಣನ ಸರದಿಯನ್ನು ಸಹಿಸಬೇಕೆಂಬ ಪಾಠ ಒಂದು ಲೋಟ ನೀರಿನಲ್ಲಿ ಮುಗಿದಿತ್ತು.

ಮತ್ತೊಮ್ಮೆ, ಎಂಟು ವರ್ಷದ ಜಾನ್ ಎತ್ತರದಲ್ಲಿದ್ದ ಏನನ್ನೋ ತೆಗೆಯಲು ಹೋಗಿ ಎಣ್ಣೆಯ ಪಾತ್ರೆಯನ್ನು ಬೀಳಿಸಿ ಒಡೆದ. ಬಡವರ ಮನೆಯಲ್ಲಿ ಎಣ್ಣೆ ಸಣ್ಣ ವಸ್ತುವಲ್ಲ. ತಾಯಿ ಹೊರಗೆ ಹೋಗಿದ್ದಳು. ಒರೆಸಿದರೂ ಕಲೆ ಹೋಗಲಿಲ್ಲ. ಆಗ ಹುಡುಗ ಬೇಲಿಯಿಂದ ಒಂದು ಕೋಲನ್ನು ಕಡಿದು, ಅದರ ಸಿಪ್ಪೆ ಕೆತ್ತಿ ಅಂದಗೊಳಿಸಿ, ಬರುತ್ತಿದ್ದ ತಾಯಿಯನ್ನು ದಾರಿಯಲ್ಲೇ ಎದುರುಗೊಂಡ. ನಡೆದುದನ್ನೆಲ್ಲ ಹೇಳಿ, ತನಗೆ ಶಿಕ್ಷೆ ಸಲ್ಲಬೇಕೆಂದು ಆ ಕೋಲನ್ನು ಆಕೆಯ ಕೈಗಿತ್ತ. ತಾಯಿ ಕ್ಷಮಿಸಿದಳು, ಮುಂದೆ ಏನನ್ನೇ ಮಾಡುವ ಮೊದಲು ಯೋಚಿಸುವಂತೆ ಬುದ್ಧಿ ಹೇಳಿದಳು. ಈ ಕಥೆಯನ್ನು ಹುಡುಗನ ಜಾಣತನಕ್ಕಾಗಿ ಹೇಳುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ತಾಯಿಯ ಗೆಲುವು. ಭಯದಲ್ಲಿ ಬೆಳೆದ ಮಗು ತಪ್ಪನ್ನು ಮುಚ್ಚಿಡುತ್ತದೆ. ಪ್ರೀತಿಯ ನ್ಯಾಯದಲ್ಲಿ ಬೆಳೆದ ಮಗು ತಪ್ಪನ್ನು ಹೊತ್ತುಕೊಂಡು ಎದುರು ಬರುತ್ತದೆ. ದೇವರು ಸದಾ ನೋಡುತ್ತಿದ್ದಾರೆಂದು ಆಕೆ ಮಕ್ಕಳಿಗೆ ಕಲಿಸಿದ್ದಳು. ಆ ದೇವರು ಅವರ ಪಾಲಿಗೆ ಹೊಂಚುಕಾಯುವ ಕಾವಲುಗಾರನಾಗಿರಲಿಲ್ಲ, ತಂದೆಯಾಗಿದ್ದರು.

ಮನೆಯ ಬಾಗಿಲು ಬಡವರಿಗೆ ತೆರೆದೇ ಇತ್ತು. ದಾರಿತಪ್ಪಿ ಬಂದವರಿಗೂ, ರಾತ್ರಿ ತಂಗಲು ಎಡೆ ಬೇಡಿದವರಿಗೂ ಬಿಸಿ ಗಂಜಿ, ಮಲಗಲು ಹುಲ್ಲಿನ ಹಾಸಿಗೆ ದೊರಕುತ್ತಿತ್ತು. ನೆರೆಯಲ್ಲಿ ಒಬ್ಬನಿದ್ದ, ಹಿಂದೆ ಅನುಕೂಲಸ್ಥನಾಗಿದ್ದು ಎಲ್ಲವನ್ನೂ ಕಳೆದುಕೊಂಡವನು. ಬೇಡಲು ಆತನಿಗೆ ನಾಚಿಕೆ. ಇದನ್ನರಿತ ಮಾರ್ಗರೀಟಾ ಕತ್ತಲಾದ ಮೇಲೆ ಊಟದ ಪಾತ್ರೆಯನ್ನು ಕಿಟಕಿಯ ಮೇಲಿಡುತ್ತಿದ್ದಳು. ಆತ ಯಾರಿಗೂ ಕಾಣದಂತೆ ಬಂದು ಒಯ್ಯುತ್ತಿದ್ದ. ಕೊಡುವುದು ದಾನ. ಪಡೆಯುವವನ ಮಾನಕ್ಕೆ ಕುಂದು ಬಾರದಂತೆ ಕೊಡುವುದು ಗೌರವ. ಇದನ್ನು ಕಂಡು ಬೆಳೆದ ಜಾನ್, ದನ ಮೇಯಿಸುವಲ್ಲಿ ತನ್ನ ಬಿಳಿ ರೊಟ್ಟಿಯನ್ನು ಬಡ ಗೆಳೆಯನೊಬ್ಬನ ಒರಟು ಕಪ್ಪು ರೊಟ್ಟಿಗೆ ಬದಲಾಯಿಸಿ ತಿನ್ನುತ್ತಿದ್ದ.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಆ ಮನೆಯಲ್ಲಿ ಜಗಳವಿತ್ತು, ಕಣ್ಣೀರಿತ್ತು. ಮಲಮಗ ಅಂತೋನಿ ದೊಡ್ಡವನಾದಂತೆ ಒರಟನಾದ. ತಂದೆತಾಯಿ ಇಬ್ಬರನ್ನೂ ಎಳವೆಯಲ್ಲೇ ಕಳೆದುಕೊಂಡು, ಹುಡುಗನಾಗಿದ್ದಾಗಲೇ ಹೊಲದ ದುಡಿಮೆಗೆ ಇಳಿದವನು ಅವನು. ತಮ್ಮ ಜಾನ್ ಪುಸ್ತಕ ಹಿಡಿಯುವುದನ್ನು ಕಂಡರೆ ಅವನಿಗೆ ಸಿಟ್ಟು. ತಮ್ಮನಿಗೆ ಹೊಡೆದದ್ದೂ ಉಂಟು. ಮಲತಾಯಿಯೆಂದು ಹಂಗಿಸಿ ಮಾರ್ಗರೀಟಾಳ ಮೇಲೆ ಮುಷ್ಟಿ ಬಿಗಿದು ಬಂದದ್ದೂ ಉಂಟು. ಆಕೆ ತಿರುಗಿ ಕೈಯೆತ್ತಲಿಲ್ಲ. ತನ್ನ ಗಂಡನ ಮಗನಾದ ಅವನು ತನಗೂ ಮಗನೇ ಎಂದು ತಾಳ್ಮೆಯಿಂದ ತಿಳಿಹೇಳಿದಳು. ಹೆತ್ತ ಮಕ್ಕಳಿಗೂ ಅವನಿಗೂ ಆಕೆ ಭೇದವೆಣಿಸಲಿಲ್ಲ.

ಆದರೆ ತಾಳ್ಮೆಯಿಂದಲೇ ಎಲ್ಲವೂ ಸರಿಹೋಗಲಿಲ್ಲ. 1828ರ ಚಳಿಗಾಲದಲ್ಲಿ, ಮನೆಯಲ್ಲಿ ಶಾಂತಿ ಉಳಿಯಲೆಂದು, ಹನ್ನೆರಡು ವರ್ಷದ ಜಾನ್‌ನನ್ನು ಕೆಲಸ ಹುಡುಕಿಕೊಳ್ಳಲು ಮನೆಯಿಂದ ಕಳುಹಿಸಿದಳು. ಬಟ್ಟೆಯ ಗಂಟು ಹೊತ್ತು ಹೊರಟ ಬಾಲಕ ಮೊಲಿಯಾ ಕುಟುಂಬದವರ ಹೊಲಮನೆಯಲ್ಲಿ ಸುಮಾರು ಎರಡು ವರ್ಷ ಆಳಾಗಿ ದುಡಿದ. ಕಿರಿಯ ಮಗನನ್ನು ಹೀಗೆ ಕಳುಹಿಸಿಕೊಟ್ಟ ತಾಯಿಯ ಹೃದಯದ ನೋವನ್ನು ತಾಯಂದಿರೇ ಬಲ್ಲರು. ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾವು ಅರ್ಹರಲ್ಲ. ಒಂದನ್ನು ಮಾತ್ರ ಗಮನಿಸಬಹುದು: ಮಲಮಗನನ್ನು ಮನೆಯಿಂದ ಹೊರಹಾಕುವ ದಾರಿಯನ್ನು ಆಕೆ ಹಿಡಿಯಲಿಲ್ಲ. ಮುಂದೆ ಆಸ್ತಿ ಪಾಲಾಗಿ, ಅಂತೋನಿ ಮದುವೆಯಾಗಿ ಬೇರೆ ಸಂಸಾರ ಹೂಡಿದ ಮೇಲೆ ಜಾನ್‌ನ ಓದಿಗೆ ದಾರಿ ಸುಗಮವಾಯಿತು.

1841ರ ಜೂನ್ 5ರಂದು ಜಾನ್ ಬೋಸ್ಕೊ ಗುರುದೀಕ್ಷೆ ಪಡೆದರು. ಬಲಿಪೂಜೆಯನ್ನು ಅರ್ಪಿಸಲು ತೊಡಗುವುದೆಂದರೆ ಕಷ್ಟವನ್ನು ಅನುಭವಿಸಲು ತೊಡಗುವುದೆಂದು ತಾಯಿ ಆಗ ಮಗನಿಗೆ ನೆನಪಿಸಿದಳು. ಐದು ವರ್ಷಗಳ ನಂತರ ಆ ಕಷ್ಟದಲ್ಲಿ ಆಕೆಯೇ ಪಾಲುಗಾರಳಾದಳು. ತೂರಿನ್ ನಗರದ ಬೀದಿಹುಡುಗರಿಗಾಗಿ ದುಡಿಯುತ್ತಿದ್ದ ಮಗ ನೆರವಾಗೆಂದು ಕೇಳಿದಾಗ, 1846ರ ನವೆಂಬರ್ 3ರಂದು ಐವತ್ತೆಂಟರ ಆಕೆ ಮೊಮ್ಮಕ್ಕಳನ್ನೂ ಹಳ್ಳಿಯ ನೆಮ್ಮದಿಯನ್ನೂ ಬಿಟ್ಟು, ಕೈಯಲ್ಲೊಂದು ಬುಟ್ಟಿ ಹಿಡಿದು ನಡೆದೇ ನಗರ ಸೇರಿದಳು. ಆಕೆಯ ಮದುವೆಯ ಬಟ್ಟೆಗಳು ಬಲಿಪೀಠದ ವಸ್ತ್ರಗಳಾದವು. ಕೊರಳ ಸರ ಮಾರಾಟವಾಯಿತು.

1847ರ ಮೇ ತಿಂಗಳ ಒಂದು ಮಳೆಯ ಸಂಜೆ, ತೊಯ್ದು ತೊಪ್ಪೆಯಾದ ಹದಿನೈದು ವರ್ಷದ ಅನಾಥ ಹುಡುಗನೊಬ್ಬ ಬಾಗಿಲಿಗೆ ಬಂದ. ಹಿಂದೆ ಹೀಗೆ ಆಶ್ರಯ ಪಡೆದ ಕೆಲವರು ಹೊದಿಕೆಗಳನ್ನೇ ಕದ್ದೊಯ್ದಿದ್ದರು. ಆದರೂ ಮಾರ್ಗರೀಟಾ ಅವನನ್ನು ಒಲೆಯ ಬಳಿ ಕೂರಿಸಿ ಉಣಬಡಿಸಿದಳು. ಅಡುಗೆಮನೆಯಲ್ಲೇ ಇಟ್ಟಿಗೆ, ಹಲಗೆಗಳನ್ನು ಜೋಡಿಸಿ ಹಾಸಿಗೆಯಾಯಿತು. ಅವನು ಮಲಗುವ ಮುನ್ನ ದುಡಿಮೆ, ಪ್ರಾಮಾಣಿಕತೆ, ದೈವಭಕ್ತಿಗಳ ಬಗ್ಗೆ ಆಕೆ ನಾಲ್ಕು ಹಿತವಚನ ಹೇಳಿದಳು. ಸಲೇಶಿಯನ್ ಸಂಸ್ಥೆಗಳಲ್ಲಿ ರಾತ್ರಿ ಮಲಗುವ ಮುನ್ನ ಮಕ್ಕಳಿಗೆ ಹಿತನುಡಿ ಹೇಳುವ ಪದ್ಧತಿಯ ಮೂಲ ಅದೇ.

ಹುಡುಗರು ನೂರಾರು ಮಂದಿ ಬಂದರು. ಗದ್ದಲ, ಹರಿದ ಬಟ್ಟೆ, ಮುಗಿಯದ ಅಡುಗೆ. ತಾನು ಬೆಳೆಸಿದ ತರಕಾರಿ ಪಾತಿಗಳನ್ನು ಅವರು ಆಟದಲ್ಲಿ ತುಳಿದು ಹಾಳುಮಾಡಿದಾಗ ಆಕೆಯ ಸಹನೆಯೂ ಒಮ್ಮೆ ಮುಗಿಯಿತು. ಹಳ್ಳಿಗೆ ಮರಳುವೆನೆಂದು ಮಗನ ಮುಂದೆ ಹೇಳಿಕೊಂಡಳು. ಮಗ ಮಾತಾಡದೆ ಗೋಡೆಯ ಮೇಲಿನ ಶಿಲುಬೆಯನ್ನು ತೋರಿಸಿದರು. ಆಕೆ ಅತ್ತ ನೋಡಿದಳು. ಮತ್ತೆ ಕೆಲಸಕ್ಕೆ ಮರಳಿದಳು. 1854ರಲ್ಲಿ ತೂರಿನ್ ನಗರಕ್ಕೆ ಕಾಲರಾ ತಗುಲಿದಾಗ, ಹೊದಿಕೆಗಳೆಲ್ಲ ಮುಗಿದ ಮೇಲೆ ಬಲಿಪೀಠದ ವಸ್ತ್ರವನ್ನೂ ರೋಗಿಗಳಿಗಾಗಿ ಕೊಟ್ಟಳು. ಅಲ್ಲಿನ ಹುಡುಗರಲ್ಲಿ ಹಲವರು ರೋಗಿಗಳ ಶುಶ್ರೂಷೆಗೆ ಸ್ವಇಚ್ಛೆಯಿಂದ ಮುಂದೆ ಬಂದರು. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದವರು ಇತರರಿಗಾಗಿ ಪ್ರಾಣವನ್ನೇ ಪಣಕ್ಕಿಡಲು ಕಲಿತಿದ್ದರು.

1856ರ ನವೆಂಬರ್ 25ರಂದು ಮಾರ್ಗರೀಟಾ ತೀರಿಕೊಂಡಳು. ಆಕೆಯ ದೇಹವನ್ನು ಬಡವರ ಸಾಮಾನ್ಯ ಸಮಾಧಿಯಲ್ಲಿ ಹೂಳಲಾಯಿತು. ಸಲೇಶಿಯನ್ ಸಭೆ ವಿಧಿವತ್ತಾಗಿ ಸ್ಥಾಪನೆಯಾದದ್ದು 1859ರಲ್ಲಿ. ಆಕೆ ಅದನ್ನು ಕಾಣಲಿಲ್ಲ. 1906ರಲ್ಲಿ ಆ ಸಭೆಯ ಗುರುಗಳು ತಂಜಾವೂರಿಗೆ ಬಂದಿಳಿದರು. ಮುಂದೆ ಅವರ ಸೇವೆ ನಮ್ಮ ಬೆಂಗಳೂರಿಗೂ ಹಬ್ಬಿತು. 1934ರ ಏಪ್ರಿಲ್ 1ರಂದು ಜಾನ್ ಬೋಸ್ಕೊರವರಿಗೆ ಸಂತ ಪದವಿ ದೊರೆಯಿತು. ಅದು ತಾಯಿಯ ಜನ್ಮದಿನವೂ ಹೌದು. 2006ರಲ್ಲಿ ಧರ್ಮಸಭೆ ಆಕೆಯನ್ನು ವಂದನೀಯಳೆಂದು ಘೋಷಿಸಿತು. ಮಕ್ಕಳನ್ನು ತಿದ್ದಲು ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಆಧಾರಗಳನ್ನು ಸಂತ ಬೋಸ್ಕೊ ಲೋಕಕ್ಕೆ ಬೋಧಿಸಿದರು. ಆ ಮೂರನ್ನೂ ಅವರು ಮೊದಲು ಕಂಡದ್ದು ತಮ್ಮ ತಾಯಿಯ ಅಡುಗೆಮನೆಯಲ್ಲಿ.

ಪ್ರಿಯ ತಂದೆತಾಯಂದಿರೇ, ಸದ್ಗುಣವು ಅಭ್ಯಾಸದಿಂದ ಬರುತ್ತದೆಂದು ಅರಿಸ್ಟಾಟಲ್ ಹೇಳಿದ. ಆ ಅಭ್ಯಾಸ ಮೊದಲಾಗಬೇಕಾದುದು ಹಿರಿಯರಿಂದ. ಇಂದು ರಾತ್ರಿ ಜಪಸರ ಮುಗಿದು ಊಟಕ್ಕೆ ಕುಳಿತಾಗ, ಮನೆಯ ಅಜ್ಜಿಗೆ ಮೊದಲು ಬಡಿಸೋಣ. ಕೆಲಸದವಳನ್ನು ಹೆಸರು ಹಿಡಿದು ನಯವಾಗಿ ಮಾತಾಡಿಸೋಣ. ನಾವು ತಪ್ಪಿದಾಗ ಮಕ್ಕಳ ಮುಂದೆಯೇ ಕ್ಷಮೆ ಕೇಳೋಣ. ಒರಟಾದ ಒಂದು ಮಗುವಿದ್ದರೆ, ಅದೂ ನಮ್ಮದೇ ಎಂಬುದನ್ನು ಮರೆಯದಿರೋಣ. ಮೂಲೆಯ ಬೆತ್ತ ಮೂಲೆಯಲ್ಲೇ ಇರಲಿ. ಮಕ್ಕಳ ಕಣ್ಣುಗಳು ಅದಕ್ಕಿಂತ ಹೆಚ್ಚಾಗಿ ನಮ್ಮನ್ನೇ ನೋಡುತ್ತಿವೆ.